ಲೆಕ್ಕ ಯಾರಿಗೆ ಒಪ್ಪಿಸಬೇಕು?

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಕಠ್ಮಂಡುವಿನಲ್ಲಿ ಸರ್ಕಾರಿ ಕಚೇರಿಗಳಿರುವ ಸಿಂಹ ದರ್ಬಾರ್ ಹೊತ್ತಿ ಉರಿಯುತ್ತಿದ್ದಾಗ ಬಾಗಲಕೋಟೆ ನವನಗರದ ಚಹಾ ಅಂಗಡಿಯಲ್ಲಿ ಒಂದೇ ಮಾತು. 'ಇದ್ರಾಗ ಹೊರಗಿನವ್ರ ಕೈ ಐತ್ರೀ.' ಯಾರ ಕೈ ಅಂದರೆ ಒಬ್ಬರು ಅಮೆರಿಕ ಅಂದರು, ಇನ್ನೊಬ್ಬರು ಚೀನಾ ಅಂದರು, ಮೂರನೆಯವರು ದನಿ ಇಳಿಸಿ 'ನಮ್ಮದೂ ಇರಬೌದು' ಅಂದರು. ಅಲ್ಲಿನ ಸರ್ಕಾರ 26 ಸೋಷಿಯಲ್ ಮೀಡಿಯಾ ಆ್ಯಪ್‌ಗಳನ್ನು ಬಂದ್ ಮಾಡಿತ್ತು. ಮಂತ್ರಿಗಳ ಮಕ್ಕಳು ವಿದೇಶದಲ್ಲಿ ಮೆರೆಯುವ ಫೋಟೋ ನೋಡಿ ನೋಡಿ ಕೆಲಸವಿಲ್ಲದ ಹುಡುಗರ ಹೊಟ್ಟೆ ಉರಿದಿತ್ತು. ಸೆಪ್ಟೆಂಬರ್ 8ರಂದು ಅವರು ಬೀದಿಗಿಳಿದಾಗ 19 ಜನ ಸತ್ತರು, ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಇಷ್ಟೆಲ್ಲ ಕಾರಣ ಕಣ್ಣೆದುರಿಗೇ ಇದ್ದರೂ ನಮಗೆ ಬೇಕಾಗಿದ್ದು ಹೊರಗಿನ ಕೈ!

ನನಗೆ ಅನಿಸಿದ್ದು ಇಷ್ಟು. 'ಹೊರಗಿನವರ ಪಿತೂರಿ' ಅನ್ನುವವರೂ, 'ನಾವು ಹೋಗಿ ಅಲ್ಲಿ ಪ್ರಜಾಪ್ರಭುತ್ವ ಕೂರಿಸಿ ಬರುತ್ತೇವೆ' ಅನ್ನುವವರೂ ಬೇರೆ ಬೇರೆ ಅಲ್ಲ. ಸಣ್ಣ ದೇಶದ ಜನ ತಾವಾಗಿಯೇ ಏನೂ ಮಾಡಲಾರರು ಅನ್ನುವುದರಲ್ಲಿ ಇಬ್ಬರದೂ ಒಂದೇ ನಂಬಿಕೆ.

ಹೊರಗಿನ ಸೈನ್ಯ ಸರ್ವಾಧಿಕಾರಿಯನ್ನು ಓಡಿಸಬಲ್ಲದು. ಮತಪೆಟ್ಟಿಗೆ ಇಡಿಸಬಲ್ಲದು, ಸಂವಿಧಾನ ಬರೆಸಬಲ್ಲದು. ಆದರೆ ಗದ್ದುಗೆ ಮೇಲೆ ಕೂತವನು ತನ್ನ ಜನಕ್ಕೆ ಲೆಕ್ಕ ಒಪ್ಪಿಸುವಂತೆ ಮಾಡಲು ಅದರಿಂದ ಆಗುವುದಿಲ್ಲ. ಯಾಕಂದರೆ ದುಡ್ಡು ಎಲ್ಲಿಂದ ಬರುತ್ತದೋ, ಬಂದೂಕು ಯಾರ ಕೈಯಲ್ಲಿದೆಯೋ, ಅವನ ಕಣ್ಣು ಆ ಕಡೆಗೇ ಇರುತ್ತದೆ.

ಅಫ್ಘಾನಿಸ್ತಾನ ನೋಡಿ. ನಮ್ಮ ಕಡೆ ಆ ದೇಶದ ಹೆಸರು ಬರುವುದು ಒಣದ್ರಾಕ್ಷಿ ರೇಟು ಬಿದ್ದಾಗ. ತಿಕೋಟಾ ಕಡೆಯ ಬೆಳೆಗಾರರು 'ಅಫ್ಘಾನಿ ಮಾಲು ಬಂತು, ನಮ್ಮ ಮಾಲು ಕೇಳೋರಿಲ್ಲ' ಅಂತ ಬೈಯುತ್ತಾರೆ. ಅದಕ್ಕಿಂತ ಜಾಸ್ತಿ ನಮಗೆ ಗೊತ್ತಿಲ್ಲ, ತಲೆ ಕೆಡಿಸಿಕೊಂಡವರೂ ಕಡಿಮೆ. 2001ರಲ್ಲಿ ಅಮೆರಿಕ ಅಲ್ಲಿಗೆ ಹೋಯಿತು. 2004ರಲ್ಲಿ ಹೊಸ ಸಂವಿಧಾನ, ಅದೇ ವರ್ಷ ಅಧ್ಯಕ್ಷರ ಚುನಾವಣೆ. ಆಗ ಸುಮಾರು 80 ಲಕ್ಷ ಜನ ಮತ ಹಾಕಿದರು. ಹೆಂಗಸರು ಬುರ್ಖಾ ಹಾಕಿಕೊಂಡು ಸರದಿಯಲ್ಲಿ ನಿಂತ ಫೋಟೋಗಳು ಬಂದವು. ಅದು ಸುಳ್ಳಲ್ಲ, ಆ ಆಸೆ ನಿಜವಾಗಿಯೂ ಇತ್ತು. 2019ರ ಚುನಾವಣೆ ಹೊತ್ತಿಗೆ ನೋಂದಾಯಿಸಿದ ಮತದಾರರು 96 ಲಕ್ಷಕ್ಕೂ ಜಾಸ್ತಿ, ಎಣಿಕೆಗೆ ಸಿಕ್ಕ ಮತ ಸುಮಾರು 18 ಲಕ್ಷ. ನಡುವೆ ಏನಾಯಿತು?

ಬಾಂಬಿನ ಹೆದರಿಕೆ ಇತ್ತು, ಸರಿ. ಆದರೆ ಅದೊಂದೇ ಅಲ್ಲ. 2009ರಲ್ಲಿ ಕಳ್ಳ ಮತ ಚಲಾವಣೆಯಾಗಿದ್ದು ಎಲ್ಲರಿಗೂ ಗೊತ್ತಾಯಿತು. 2014ರಲ್ಲಿ ಅಶ್ರಫ್ ಘನಿ, ಅಬ್ದುಲ್ಲಾ ಅಬ್ದುಲ್ಲಾ ಇಬ್ಬರೂ ನಾನೇ ಗೆದ್ದೆ ಅಂತ ಹಟ ಹಿಡಿದರು. ಆಗ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರ್ರಿ ವಿಮಾನ ಹತ್ತಿ ಬಂದು ರಾಜಿ ಮಾಡಿಸಿದರು. ಒಬ್ಬರು ಅಧ್ಯಕ್ಷ, ಇನ್ನೊಬ್ಬರಿಗೆ ಸಂವಿಧಾನದಲ್ಲಿ ಇಲ್ಲವೇ ಇಲ್ಲದ ಒಂದು ಹೊಸ ಹುದ್ದೆ. ಬಿಸಿಲಲ್ಲಿ ನಿಂತು ಮತ ಹಾಕಿ ಬಂದವನ ಜಾಗದಲ್ಲಿ ನಿಂತು ಯೋಚಿಸಿ. ಯಾರು ಆಳಬೇಕು ಅನ್ನೋದು ಹೊರಗಿನಿಂದ ಬಂದವರ ಪಂಚಾಯ್ತಿಯಲ್ಲಿ ತೀರ್ಮಾನ ಆಗುವುದಾದರೆ ಮುಂದಿನ ಸಲ ಅವನು ಯಾಕೆ ಹೋಗುತ್ತಾನೆ? 2020ರ ಮಾರ್ಚ್ 9ಕ್ಕಂತೂ ಕಾಬೂಲಿನಲ್ಲಿ ಇಬ್ಬರೂ ಒಂದೇ ದಿನ ಬೇರೆ ಬೇರೆ ಪ್ರಮಾಣ ವಚನ ತಗೊಂಡರು. ನಗಬೇಕೋ ಅಳಬೇಕೋ ತಿಳಿಯದ ದೃಶ್ಯ.

ಇನ್ನು ದುಡ್ಡು. ಅಲ್ಲಿನ ಸರ್ಕಾರದ ಖರ್ಚಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಹೊರಗಿನವರ ದುಡ್ಡು. ಸೈನಿಕರ ಪಗಾರವೂ ಹೊರಗಿನದೇ. ಅಂಥ ಸರ್ಕಾರಕ್ಕೆ ರೈತನ ಹತ್ತಿರ ಕಂದಾಯ ಕೇಳುವ ಗರಜೇ ಇಲ್ಲ. ಕಂದಾಯ ಕೇಳದವನನ್ನು ರೈತನೂ ಲೆಕ್ಕ ಕೇಳುವುದಿಲ್ಲ. ಮಂತ್ರಿ ವರದಿ ಬರೆಯುವುದು ದಾನಿಗಳಿಗೆ, ಅದೂ ಇಂಗ್ಲಿಷಿನಲ್ಲಿ. ಕೊನೆಗೆ 2020ರ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದಕ್ಕೆ ಸಹಿ ಹಾಕಿದಾಗ ಆ ಚುನಾಯಿತ ಸರ್ಕಾರಕ್ಕೆ ಮೇಜಿನ ಹತ್ತಿರ ಒಂದು ಕುರ್ಚಿಯೂ ಇರಲಿಲ್ಲ. ತಾವೇ ಕೂರಿಸಿದ ಸರ್ಕಾರವನ್ನು ತಾವೇ ಹೊರಗೆ ನಿಲ್ಲಿಸಿದರು. ಮರುವರ್ಷ ಆಗಸ್ಟ್ 15ಕ್ಕೆ ಕಾಬೂಲು ಬಿತ್ತು, ಅಧ್ಯಕ್ಷ ಓಡಿಹೋದ. 'ಅಫ್ಘಾನಿಗಳು ಹೋರಾಡಲೇ ಇಲ್ಲ' ಅಂತ ಆಗ ಟಿವಿಯಲ್ಲಿ ಹೇಳಿದವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. 20 ವರ್ಷಗಳಲ್ಲಿ ಸತ್ತ ಅಫ್ಘಾನ್ ಸೈನಿಕರು, ಪೊಲೀಸರು ಹತ್ತಾರು ಸಾವಿರ.

ಇದು ಒಳ್ಳೆಯ ಉದ್ದೇಶ ಹಳ್ಳ ಹಿಡಿದ ಕಥೆ ಅಂತಲೇ ಇಟ್ಟುಕೊಳ್ಳೋಣ. ಉದ್ದೇಶವೇ ಬೇರೆ ಇದ್ದ ಕಥೆಯೂ ಇದೆ.

ಮಧ್ಯ ಅಮೆರಿಕದ ಗ್ವಾಟೆಮಾಲಾ. ಅಲ್ಲಿ ಹಾಕೋಬೋ ಆರ್ಬೆನ್ಸ್ ಅನ್ನುವವರು ಜನರ ಮತದಿಂದಲೇ ಗೆದ್ದು 1951ರಲ್ಲಿ ಅಧ್ಯಕ್ಷರಾದರು. 1952ರಲ್ಲಿ ಭೂಸುಧಾರಣೆ ಕಾನೂನು ತಂದರು. ದೊಡ್ಡ ಜಮೀನುದಾರರ ಹತ್ತಿರ ಬೀಳು ಬಿದ್ದ ಭೂಮಿಯನ್ನು ತಗೊಂಡು ಇಲ್ಲದವರಿಗೆ ಹಂಚುವುದು. ಬೀಳು ಭೂಮಿ ಅತಿ ಜಾಸ್ತಿ ಇದ್ದದ್ದು ಬಾಳೆಹಣ್ಣು ವ್ಯಾಪಾರದ ಅಮೆರಿಕನ್ ಕಂಪನಿ ಯುನೈಟೆಡ್ ಫ್ರೂಟ್ ಹತ್ತಿರ. ಸರ್ಕಾರ ಸುಮ್ನೆ ಕಿತ್ತುಕೊಳ್ಳಲಿಲ್ಲ, ಪರಿಹಾರ ಕೊಡುತ್ತೇವೆ ಅಂದಿತು. ತೆರಿಗೆ ಕಟ್ಟುವಾಗ ನೀವೇ ಬರೆದುಕೊಟ್ಟ ಬೆಲೆ ಏನಿದೆಯೋ ಅದೇ ಪರಿಹಾರ, ಸುಮಾರು 6 ಲಕ್ಷ 27 ಸಾವಿರ ಡಾಲರ್. ಕಂಪನಿ ತೆರಿಗೆ ಉಳಿಸಲು ಬೆಲೆ ತೀರಾ ಕಡಿಮೆ ಬರೆಸಿತ್ತು! ಅದರ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು 1 ಕೋಟಿ 58 ಲಕ್ಷ.

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಕೊಟ್ಟ ಊರು ನಮ್ಮದು. ಖರೀದಿ ಪತ್ರದಲ್ಲಿ ಕಡಿಮೆ ರೇಟು ಬರೆಸಿ ಸ್ಟ್ಯಾಂಪ್ ಡ್ಯೂಟಿ ಉಳಿಸಿದವರು, ಮುಳುಗಡೆ ಪರಿಹಾರಕ್ಕೆ ಅದೇ ರೇಟು ಹಿಡಿದಾಗ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ನಾವು ಕಂಡಿದ್ದೇವೆ. ಫರಕು ಏನಂದರೆ ನಮ್ಮವರು ಕೋರ್ಟಿಗೆ ಹೋದರು. ಯುನೈಟೆಡ್ ಫ್ರೂಟ್ ವಾಷಿಂಗ್ಟನ್ನಿಗೆ ಹೋಯಿತು.

1954ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದುಡ್ಡು, ತರಬೇತಿ ಕೊಟ್ಟು ತಯಾರು ಮಾಡಿದ ಪಡೆ ಒಳಗೆ ನುಗ್ಗಿತು, ಆರ್ಬೆನ್ಸ್ ರಾಜೀನಾಮೆ ಕೊಟ್ಟರು. ಕಮ್ಯುನಿಸಂನಿಂದ ಒಂದು ದೇಶವನ್ನು ಪಾರು ಮಾಡಿದೆವು ಅಂತ ಹೇಳಿಕೊಂಡದ್ದೂ ಆಯಿತು. ಹೊಸದಾಗಿ ಬಂದ ಕಾಸ್ತಿಯೋ ಆರ್ಮಾಸ್ ಮೊದಮೊದಲು ಮಾಡಿದ ಕೆಲಸಗಳಲ್ಲಿ ಎರಡು: ಹಂಚಿದ ಭೂಮಿ ವಾಪಸ್ ಪಡೆದದ್ದು, ಓದು ಬಾರದವರ ಮತದ ಹಕ್ಕು ಕಿತ್ತುಕೊಂಡದ್ದು. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ. ಸುಮಾರು 2 ಲಕ್ಷ ಜನ ಸತ್ತರು, ಇಲ್ಲವೇ ಕಾಣೆಯಾದರು. ಹೇಟಿಯದೂ ಇಂಥದ್ದೇ ಕಥೆ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಅಲ್ಲಿತ್ತು. ವಿದೇಶಿಯರಿಗೆ ಭೂಮಿ ಕೊಳ್ಳಲು ಬಿಡುವ ಸಂವಿಧಾನಕ್ಕೆ ಅಲ್ಲಿನ ಶಾಸನಸಭೆ ಒಪ್ಪಲಿಲ್ಲ. ಶಾಸನಸಭೆಯನ್ನೇ ಮುಚ್ಚಿಸಿ 1918ರಲ್ಲಿ ಆ ಸಂವಿಧಾನ ತಂದರು. ಸಣ್ಣ ದೇಶಕ್ಕೆ ಯಾರಾದರೂ ಪ್ರಜಾಪ್ರಭುತ್ವ ಹೊತ್ತು ತಂದರೆ ಮೊದಲು ಅಲ್ಲಿನ ಭೂಮಿ ಉತಾರ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಹೊರಗಿನವರು ಬರಲೇಬಾರದಾ? ಇಲ್ಲಿ ನನ್ನ ವಾದಕ್ಕೇ ಅಡ್ಡ ಬರುವ ಒಂದು ದೇಶ ಇದೆ. ಆಫ್ರಿಕಾದ ಗ್ಯಾಂಬಿಯಾ.

ಅಲ್ಲಿ ಮತ ಹಾಕುವ ರೀತಿಯೇ ಚಂದ. ಚೀಟಿ ಇಲ್ಲ, ಮಷೀನ್ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣ ಬಳಿದ ತಗಡಿನ ಡ್ರಮ್ಮು, ಅದರ ಮೇಲೆ ಫೋಟೋ. ಮತದಾರನ ಕೈಗೆ ಒಂದು ಗೋಲಿ ಕೊಡುತ್ತಾರೆ. ಮರೆಯಲ್ಲಿ ಹೋಗಿ ಬೇಕಾದ ಡ್ರಮ್ಮಿನ ಕೊಳವೆಯಲ್ಲಿ ಹಾಕಬೇಕು. ಒಳಗೆ ಒಂದು ಗಂಟೆ ಇರುತ್ತದೆ, ಗೋಲಿ ಬಿದ್ದ ಕೂಡಲೇ 'ಟಣ್' ಅನ್ನುತ್ತದೆ. ಎರಡು ಸಲ ಟಣ್ ಅಂದರೆ ಕಳ್ಳ ಸಿಕ್ಕಿಬಿದ್ದ! ತಳಕ್ಕೆ ಬಿದ್ದ ಗೋಲಿ ಮತ್ತೆ ಸಪ್ಪಳ ಮಾಡಬಾರದು ಅಂತ ಕೆಳಗೆ ಮರಳನ್ನೋ ಕಟ್ಟಿಗೆ ಪುಡಿಯನ್ನೋ ಹಾಸುತ್ತಾರೆ. ಮತಗಟ್ಟೆ ಹತ್ತಿರ ಸೈಕಲ್ ಬೆಲ್ ಬಾರಿಸುವಂತಿಲ್ಲ. ಓದು ಬಾರದವರು ಜಾಸ್ತಿ ಇದ್ದ ಕಾಲದಲ್ಲಿ, 1960ರ ದಶಕದಲ್ಲಿ ಶುರುವಾದ ಪದ್ಧತಿ ಇದು.

1994ರಲ್ಲಿ ದಂಗೆ ಎದ್ದು ಗದ್ದುಗೆ ಹಿಡಿದ ಯಾಹ್ಯಾ ಜಾಮ್ಮೆ 22 ವರ್ಷ ಆಳಿದ. ದೇವರು ಒಪ್ಪಿದರೆ ನೂರು ಕೋಟಿ ವರ್ಷ ಆಳುತ್ತೇನೆ ಅಂತ ಒಮ್ಮೆ ಹೇಳಿದ್ದ ಆಸಾಮಿ. 2016ರ ಡಿಸೆಂಬರ್‌ನಲ್ಲಿ ಅದೇ ಗೋಲಿಗಳು ಅವನನ್ನು ಸೋಲಿಸಿದವು. ಮೊದಲು ಸೋಲು ಒಪ್ಪಿಕೊಂಡ, ವಾರ ಕಳೆದ ಮೇಲೆ ಒಲ್ಲೆ ಅಂದ. ಗೆದ್ದ ಅಡಾಮಾ ಬ್ಯಾರೋ ಪಕ್ಕದ ಸೆನೆಗಲ್‌ಗೆ ಹೋಗಿ, 2017ರ ಜನವರಿ 19ರಂದು ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಪ್ರಮಾಣ ವಚನ ತಗೊಂಡರು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಎಕೋವಾಸ್ ಅದೇ ದಿನ ಸೈನ್ಯ ಕಳಿಸಿತು. ಎರಡು ದಿನದಲ್ಲಿ ಜಾಮ್ಮೆ ವಿಮಾನ ಹತ್ತಿದ. ಯುದ್ಧ ಆಗಲೇ ಇಲ್ಲ.

ಇದು ನಡೆದದ್ದು ಯಾಕೆ? ಜನ ತಮ್ಮ ಕೆಲಸ ಆಗಲೇ ಮುಗಿಸಿದ್ದರು. ಹೊರಗಿನವರು ಮಾಡಿದ್ದು ಅದರ ಜಾರಿ ಅಷ್ಟೇ. ಬಂದವರು ಎಲ್ಲೋ ದೂರದವರಲ್ಲ. ಜಗಳ ಹೆಚ್ಚಾದರೆ ನಿರಾಶ್ರಿತರು ತಮ್ಮ ಮನೆ ಬಾಗಿಲಿಗೇ ಬರುತ್ತಾರೆ ಅಂತ ಗೊತ್ತಿದ್ದ ಪಕ್ಕದ ದೇಶದವರು. ಹಾಗಂತ ಇದೂ ಪೂರ್ತಿ ಸಿಹಿ ಕಥೆಯಲ್ಲ. ಮೂರು ವರ್ಷಕ್ಕೆ ಇಳಿಯುತ್ತೇನೆ ಅಂದಿದ್ದ ಬ್ಯಾರೋ ಇಳಿಯಲಿಲ್ಲ, 2021ರಲ್ಲಿ ಮತ್ತೆ ನಿಂತು ಗೆದ್ದರು. ಮಾತು ಉಳಿಸಿಕೊಳ್ಳಿ ಅಂತ ಗ್ಯಾಂಬಿಯಾದ ಜನ ಬೀದಿಗಿಳಿದರು. ಆದರೆ ಆ ಜಗಳ ಈಗ ಅವರದ್ದೇ ಮನೆಯ ಜಗಳ.

ಅಮೆರಿಕವನ್ನು ಬೈಯುವುದು ಸುಲಭ, ಅಲ್ವಾ? ನಾವೂ ಅಕ್ಕಪಕ್ಕದವರಿಗೆ ದೊಡ್ಡ ದೇಶವೇ.

ನಮ್ಮ ಸೆಕ್ಟರ್‌ನಲ್ಲಿ ರಾತ್ರಿ ಸೀಟಿ ಊದುತ್ತಾ, ಕೋಲಿನಿಂದ ಲೈಟ್ ಕಂಬ ಬಡಿಯುತ್ತಾ ತಿರುಗುವ ಗೂರ್ಖಾ ನೇಪಾಳದ ಕೈಲಾಲಿ ಜಿಲ್ಲೆಯವನು. ತಿಂಗಳಿಗೊಮ್ಮೆ ಮನೆಮನೆಗೆ ಬಂದು ಸಲಾಂ ಹೊಡೆದು ದುಡ್ಡು ತಗೊಂಡು ಹೋಗುತ್ತಾನೆ. ಕನ್ನಡ, ಹಿಂದಿ ಕಲಸಿ ಮಾತಾಡುತ್ತಾನೆ. ಸಿಂಹ ದರ್ಬಾರ್ ಸುಟ್ಟ ಆ ದಿನಗಳಲ್ಲಿ ಮಾತಿಗೆ ಸಿಕ್ಕಾಗ ಅವನು ತೆಗೆದದ್ದು 2015ರ ಸುದ್ದಿ. 'ಆಧಾ ಸಿಲಿಂಡರ್ ಶಾಬ್, ಆಧಾ! ಪೂರಾ ದುಡ್ಡಿದ್ರೂ ಆಧಾ.'

ಆ ವರ್ಷ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ, ಸುಮಾರು 9 ಸಾವಿರ ಸಾವು. ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಜಾರಿ. ಭಾರತದ ಗಡಿಗೆ ಅಂಟಿದ ತರಾಯಿ ಬಯಲಿನ ಮಧೇಶಿ ಜನರಿಗೆ ಅದರಲ್ಲಿ ಅನ್ಯಾಯವಾಗಿದೆ ಅಂತ ದೊಡ್ಡ ಚಳವಳಿ ನಡೆದಿತ್ತು. ಸಂವಿಧಾನ ಜಾರಿಯಾಗುವ ಎರಡು ದಿನ ಮುಂಚೆ ನಮ್ಮ ವಿದೇಶಾಂಗ ಕಾರ್ಯದರ್ಶಿ ಕಠ್ಮಂಡುವಿಗೆ ಹೋಗಿ ಎಲ್ಲರನ್ನೂ ಒಳಗೊಳ್ಳಿ ಅಂತ ಹೇಳಿ ಬಂದರು. ಅವರು ಕೇಳಲಿಲ್ಲ. ಆಮೇಲೆ ಗಡಿಯಲ್ಲಿ ಟ್ರಕ್ಕುಗಳು ನಿಂತವು. ನಾವು ತಡೆದಿಲ್ಲ, ಆ ಕಡೆಯ ಪ್ರತಿಭಟನೆಯಿಂದ ನಿಂತಿವೆ ಅಂತ ನಮ್ಮ ಸರ್ಕಾರ ಹೇಳಿತು. ನೇಪಾಳದಲ್ಲಿ ಅದನ್ನು ನಂಬಿದವರು ಇಲ್ಲವೆನ್ನುವಷ್ಟು ಕಡಿಮೆ. ಪೆಟ್ರೋಲ್ ಇಲ್ಲ, ಔಷಧಿ ಇಲ್ಲ, ಗ್ಯಾಸ್ ಸಿಲಿಂಡರ್ ಅರ್ಧ ತುಂಬಿಸಿ ಕೊಡುವ ಪರಿಸ್ಥಿತಿ. ಮರುವರ್ಷ ಫೆಬ್ರುವರಿವರೆಗೆ ಇದೇ ಗೋಳು.

ಮಧೇಶಿಗಳ ಬೇಡಿಕೆ ನ್ಯಾಯವಾಗಿಯೇ ಇತ್ತು. ಜನಸಂಖ್ಯೆಗೆ ತಕ್ಕ ಸೀಟು, ಪೌರತ್ವದಲ್ಲಿ ಸಮಾನತೆ, ಕೇಳಬಾರದ್ದೇನೂ ಕೇಳಿರಲಿಲ್ಲ. ಆದರೆ ಗ್ಯಾಸ್ ನಿಂತ ದಿನವೇ ಅವರು ಗುಡ್ಡದ ನೇಪಾಳಿಗಳ ಕಣ್ಣಿಗೆ 'ಭಾರತದ ಮಂದಿ' ಆಗಿಬಿಟ್ಟರು. ಭಾರತದ ಎದುರು ಎದೆ ಕೊಟ್ಟು ನಿಂತೆ ಅಂತ ಓಲಿ ಮೆರೆದರು. 2016ರ ಮಾರ್ಚ್‌ನಲ್ಲಿ ಚೀನಾ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡರು, 2017ರಲ್ಲಿ ಭರ್ಜರಿಯಾಗಿ ಗೆದ್ದರು. ನಮ್ಮ ಒತ್ತಡದಿಂದ ನಷ್ಟವಾಗಿದ್ದು ಯಾರಿಗೆ ಸಹಾಯ ಮಾಡಲು ಹೊರಟಿದ್ದೆವೋ ಅವರಿಗೇ. ಹೊರಗಿನವರ ಬೆಂಬಲದಲ್ಲಿ ಇರುವ ವಿಷ ಇದೇ. ಒಳಗಿನ ಪ್ರಾಮಾಣಿಕ ಹೋರಾಟಗಾರನಿಗೆ ಅದು 'ಏಜೆಂಟ್' ಅನ್ನುವ ಹಣೆಪಟ್ಟಿ ಅಂಟಿಸಿ ಹೋಗುತ್ತದೆ.

ಮಾಲ್ದೀವ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ಅಧ್ಯಕ್ಷ ಗಯೂಮರನ್ನು ಕೆಳಗಿಳಿಸಲು ಬಂದಾಗ ನಮ್ಮ ಪ್ಯಾರಾಟ್ರೂಪರ್‌ಗಳು ಆಗ್ರಾದಿಂದ ಹಾರಿ ರಾತ್ರೋರಾತ್ರಿ ಉಳಿಸಿದರು. ಕರೆದದ್ದಕ್ಕೆ ಹೋದರು, ಕೆಲಸ ಮುಗಿಸಿದರು, ಹೆಮ್ಮೆಯ ವಿಷಯವೇ. ಆದರೆ ಉಳಿದದ್ದು ಪ್ರಜಾಪ್ರಭುತ್ವವಲ್ಲ. ಗಯೂಮ್ ಒಬ್ಬರೇ ಅಭ್ಯರ್ಥಿಯಾಗಿ ಗೆಲ್ಲುತ್ತಿದ್ದ ಕಾಲ ಅದು. ಅಲ್ಲಿನ ಜನ ತಾವೇ ಒದ್ದಾಡಿ ಮೊದಲ ಬಹುಪಕ್ಷ ಚುನಾವಣೆ ಪಡೆದದ್ದು 2008ರಲ್ಲಿ. ಮರುವರ್ಷ ನಮ್ಮ ಬೆಳಗಾವಿಯಲ್ಲಿ ಎರಡೂ ಸೈನ್ಯಗಳ 'ಏಕುವೆರಿನ್' ಸಮರಾಭ್ಯಾಸ ಶುರುವಾಯಿತು. ದ್ವೀಪದ ಸೈನಿಕರು ಬೆಳಗಾವಿಯ ಕೆಂಪು ಮಣ್ಣಿನಲ್ಲಿ ತೆವಳಿ ಹೋದರು. ಅಂಥ ಸ್ನೇಹವೂ 2023ರ 'ಇಂಡಿಯಾ ಔಟ್' ಘೋಷಣೆ ತಡೆಯಲಿಲ್ಲ. ನಮ್ಮ ಸೈನಿಕರು ಅಲ್ಲಿ ನೂರು ಜನವೂ ಇರಲಿಲ್ಲ, ಇದ್ದದ್ದು ಹೆಲಿಕಾಪ್ಟರ್, ವಿಮಾನ ನೋಡಿಕೊಳ್ಳಲು. ಆದರೂ ಆ ಘೋಷಣೆಗೆ ಜೋರಾಗಿ ಚಪ್ಪಾಳೆ ಬಿತ್ತು. 2024ರ ಮೇ ಹೊತ್ತಿಗೆ ಅಷ್ಟೂ ಜನ ವಾಪಸ್ ಬಂದರು.

ಈಗ ನಮ್ಮ ಸುತ್ತಲಿನದೇ ಒಂದು ಹಳೆಯ ವಿಷಯ. ಈ ಭಾಗ ಪೂರ್ತಿ ಸಂಸ್ಥಾನಗಳ ತುಣುಕು. ಮುಧೋಳ, ಜಮಖಂಡಿ, ರಾಮದುರ್ಗ. ಈ ರಾಜರೆಲ್ಲ ಬ್ರಿಟಿಷರ ನೆರಳಲ್ಲಿ ಇದ್ದವರು. ಬ್ರಿಟಿಷರ ಪ್ರತಿನಿಧಿ ರೆಸಿಡೆಂಟ್ ಸಾಹೇಬ ಖುಷಿಯಾಗಿದ್ದರೆ ಸಾಕು, ಪ್ರಜೆಗಳು ಏನಂದುಕೊಂಡರೂ ಗದ್ದುಗೆ ಅಲುಗುತ್ತಿರಲಿಲ್ಲ. 1939ರ ಏಪ್ರಿಲ್‌ನಲ್ಲಿ ರಾಮದುರ್ಗದಲ್ಲಿ ಜನರ ಸಿಟ್ಟು ರಕ್ತಪಾತಕ್ಕೆ ಹೋಯಿತು.

ಅದೇ 1939ರ ಜನವರಿಯಲ್ಲಿ, ಕೃಷ್ಣಾ ಹೊಳೆ ದಾಟಿದರೆ ಸಿಗುವ ವಿಜಯಪುರ ಜಿಲ್ಲೆಯ ಗುಣದಾಳದಲ್ಲಿ ಬೇರೆಯದೇ ನಡೆಯಿತು. ಗುಣದಾಳ ಆಗ ಔಂಧ್ ಸಂಸ್ಥಾನಕ್ಕೆ ಸೇರಿತ್ತು. ಸಾತಾರಾ ಕಡೆ ಔಂಧ್, ನಡುವೆ ಕುಂಡಲ್, ಆಟಪಾಡಿ, ಇತ್ತ ಗುಣದಾಳ, ಹೀಗೆ ಚೂರುಚೂರಾಗಿ ಹರಡಿದ್ದ 72 ಹಳ್ಳಿಗಳ ಪುಟ್ಟ ಸಂಸ್ಥಾನ. ರಾಜ ಭವಾನರಾವ್ ಪಂತ ಪ್ರತಿನಿಧಿ, ಸೂರ್ಯ ನಮಸ್ಕಾರವನ್ನು ಊರೂರಿಗೆ ಹಬ್ಬಿಸಿದ ಅದೇ ರಾಜ, ತನ್ನ ಅಧಿಕಾರವನ್ನು ತಾನೇ ಜನರ ಕೈಗೆ ಕೊಟ್ಟ. ಜನ ಗ್ರಾಮ ಪಂಚಾಯ್ತಿ ಆರಿಸುವುದು, ಅವರಿಂದ ತಾಲೂಕು ಸಭೆ, ಅಲ್ಲಿಂದ ಮೇಲಿನ ಶಾಸನಸಭೆ. ಹಳ್ಳಿಯ ಕಂದಾಯದಲ್ಲಿ ಒಂದು ಪಾಲು ಹಳ್ಳಿಯ ಕೈಯಲ್ಲೇ ಉಳಿಯಬೇಕು. ರಾಜನ ಸ್ವಂತ ಖರ್ಚಿಗೂ ಮಿತಿ. ಕರಡು ತಿದ್ದಿದವರು ಗಾಂಧೀಜಿ.

ಇದರ ಹಿಂದೆ ಒಬ್ಬ ವಿದೇಶಿ ಇದ್ದ. ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಯಹೂದಿ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಲು ಬಂದವನು, ಖಾದಿ ಉಟ್ಟು ಭಾರತಾನಂದ ಆದ. ರಾಜ, ರಾಜನ ಮಗ ಅಪ್ಪಾ ಪಂತ್ ಜೊತೆ ಕೂತು ಯೋಜನೆ ಹಾಕಿದ, ಹಳ್ಳಿ ಹಳ್ಳಿ ತಿರುಗಿದ. ಇವನೂ ಹೊರಗಿನವನೇ, ಮಾಡಿದ್ದೂ ಪ್ರಜಾಪ್ರಭುತ್ವದ ಪ್ರಚಾರವೇ. ಆದರೆ ಅವನ ಬೆನ್ನಿಗೆ ಯಾವ ದೇಶದ ಸೈನ್ಯವೂ ಇರಲಿಲ್ಲ, ಕೊಳ್ಳಬೇಕಾದ ಬಾಳೆತೋಟವೂ ಇರಲಿಲ್ಲ. ಹಳ್ಳಿಯವರು ಬೇಡ ಅಂದಿದ್ದರೆ ಚೀಲ ಹೆಗಲಿಗೆ ಹಾಕಿಕೊಂಡು ಹೋಗಬೇಕಾಗಿತ್ತು. ಹೊರಗಿನವರು ಸಹಾಯ ಮಾಡುವುದಾದರೆ ಹೀಗೆ ಮಾಡಲಿ ಅನಿಸುತ್ತದೆ ನನಗೆ. ಎಲ್ಲ ಕಡೆ ನಡೆಯುತ್ತದೆ ಅಂತಲ್ಲ, ಜಾಮ್ಮೆಯಂಥವನ ಮುಂದೆ ಫ್ರೀಡ್‌ಮನ್ ಏನು ಮಾಡಿಯಾನು?

1948ರ ಮಾರ್ಚ್‌ನಲ್ಲಿ ಔಂಧ್ ಮುಂಬೈ ಪ್ರಾಂತದಲ್ಲಿ ಸೇರಿಹೋಯಿತು. ದೊಡ್ಡ ಪ್ರಜಾಪ್ರಭುತ್ವ ಬಂದು ಸಣ್ಣದು ಮುಗಿಯಿತು. ಈಗ ಅಲ್ಲಿಯೂ ಇಲ್ಲಿಯೂ ಎಲ್ಲ ಕಡೆ ಗ್ರಾಮ ಪಂಚಾಯ್ತಿ ಇದೆ, ಮೇಲಿನಿಂದ ಬರುವ ಅನುದಾನವನ್ನೇ ನೆಚ್ಚಿಕೊಂಡು. ನಮ್ಮ ಕಡೆಯ ಒಬ್ಬ ಪಂಚಾಯ್ತಿ ಸದಸ್ಯರಿಗೆ ಈ ಗುಣದಾಳದ ಕಥೆ ಹೇಳಿ, ನೀವು ಮನೆ ಪಟ್ಟಿ ಸರಿಯಾಗಿ ವಸೂಲಿ ಮಾಡಿದರೆ ಮೇಲಿನವರ ದಾರಿ ಕಾಯೋದು ತಪ್ಪುತ್ತದಲ್ಲ ಅಂದೆ. ನಕ್ಕು ಹೇಳಿದರು: 'ಪಟ್ಟಿ ವಸೂಲಿ ಮಾಡಿದ್ರ ಮಂದಿ ಲೆಕ್ಕಾ ಕೇಳ್ತಾರ್ರೀ. ಅನುದಾನದ್ದಾದ್ರ ಯಾರೂ ಕೇಳಂಗಿಲ್ಲ.' ಅವರ ಹೆಸರು ಬರೆಯುವುದಿಲ್ಲ, ಮುಂದಿನ ಚುನಾವಣೆಗೂ ನಿಲ್ಲೋರಿದ್ದಾರೆ.